ಚಿತ್ತವಿಕಲತೆಯ ಚಿಕಿತ್ಸೆಯಲ್ಲಿ ಮೂವತ್ತು ವರ್ಷ ಕಳೆಯುವುದೆಂದರೆ

ಪ್ರಶ್ನೆ: ನಾನು ಎಂಬಿಬಿಎಸ್ ಮುಗಿಸಿ ಶಿವಮೊಗ್ಗ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ವರ್ಷದ ರ‍್ಯಾಂಕಿಗೆ ಮನೋವೈದ್ಯಶಾಸ್ತ್ರದ ಎಂಡಿ ಸೀಟು ಸಿಗಬಹುದು. ಇಲ್ಲದ ಧ್ವನಿಗಳು ಕೇಳಿಸುವ, ಭ್ರಮೆಗಳು ಕಾಡುವ ಚಿತ್ತವಿಕಲತೆಯಲ್ಲೇ (ಸೈಕೋಸಿಸ್), ಅಂದರೆ ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಗಳಲ್ಲೇ ದುಡಿಯಬೇಕೆಂಬ ಆಸೆಯಿದೆ. ಪಾಠ ಮಾಡುವುದೂ ಇಷ್ಟ. ಆದರೆ ಮನೆಯವರು “ಹುಚ್ಚರ ಡಾಕ್ಟರ್ ಆಗ್ತೀಯಾ? ಆ ರೋಗ ಎಂದಾದರೂ ಗುಣವಾಗುತ್ತದೆಯೇ?” ಎನ್ನುತ್ತಾರೆ. ಈ ವೃತ್ತಿ ಮೂವತ್ತು ವರ್ಷಗಳಲ್ಲಿ ಹೇಗೆ ಸಾಗುತ್ತದೆ? ವೃತ್ತಿಸಂಘಗಳ ಪದಾಧಿಕಾರಿಯಾಗುವುದರಿಂದ ರೋಗಿಗಳಿಗೇನಾದರೂ ಪ್ರಯೋಜನವಿದೆಯೇ, ಅಥವಾ ಅದು ಕಾಲಹರಣವೇ?

ಉತ್ತರ: ನಿಮ್ಮ ಪ್ರಶ್ನೆಗಿಂತ ಮೊದಲು ನಿಮ್ಮ ಮನೆಯವರ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ರೋಗ ಗುಣವಾಗುತ್ತದೆಯೇ ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಈ ಕೆಲಸದಲ್ಲಿ ನೀವು ಎಷ್ಟು ಕಾಲ ನಿಲ್ಲುತ್ತೀರಿ ಎಂಬುದು ಆ ಪ್ರಶ್ನೆಗೆ ನೀವು ಕಂಡುಕೊಳ್ಳುವ ಉತ್ತರವನ್ನೇ ಅವಲಂಬಿಸಿದೆ. ಎಂಡಿ ಮುಗಿಸಿದ ಹೊಸದರಲ್ಲಿ ನಾನು ಕೊಡುತ್ತಿದ್ದ ಉತ್ತರ ಪಠ್ಯಪುಸ್ತಕದ್ದಾಗಿತ್ತು: ಮೂರರಲ್ಲಿ ಒಂದು ಪಾಲು ಜನ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಒಂದು ಪಾಲು ಜನರಿಗೆ ಕಾಯಿಲೆ ಬಿಟ್ಟುಬಿಟ್ಟು ಬರುತ್ತದೆ, ಉಳಿದವರದು ಕಷ್ಟ. ಈ ಲೆಕ್ಕ ಪರೀಕ್ಷೆಯಲ್ಲಿ ಅಂಕ ತರುತ್ತದೆ. ಎದುರಿಗೆ ಕುಳಿತ ತಾಯಿಯ ಮಗ ಯಾವ ಪಾಲಿನವನು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದು ತಿಳಿಯಬೇಕಾದರೆ ಅವನನ್ನು ಐದು, ಹತ್ತು, ಹದಿನೈದು ವರ್ಷ ನೋಡುತ್ತಲೇ ಇರಬೇಕು, ಮತ್ತು ನೋಡುವವರು ಆದಷ್ಟೂ ಒಬ್ಬರೇ ಆಗಿರಬೇಕು.

ನಮ್ಮ ದೇಶದಲ್ಲಿ ಹೀಗೆ ನೋಡುತ್ತಲೇ ಉಳಿದವರಿದ್ದಾರೆ. 1981ರಲ್ಲಿ ಮದರಾಸಿನಲ್ಲಿ, ಮೊದಲ ಬಾರಿ ಸ್ಕಿಜೋಫ್ರೇನಿಯಾಕ್ಕೆ ತುತ್ತಾಗಿ ಆಸ್ಪತ್ರೆಗೆ ಬಂದ 90 ಮಂದಿಯನ್ನು ಗುರುತಿಸಿ, ಅವರ ಬದುಕು ಮುಂದೆ ಹೇಗೆ ಸಾಗುತ್ತದೆಂದು ದಾಖಲಿಸುವ ಅಧ್ಯಯನ ಆರಂಭವಾಯಿತು. ಡಾ. ಆರ್. ತಾರಾ ಮತ್ತು ಅವರ ಸಂಗಡಿಗರು 20 ವರ್ಷಗಳ ನಂತರವೂ ಅವರಲ್ಲಿ 61 ಮಂದಿಯ ಸ್ಥಿತಿಗತಿಯನ್ನು ಅಳೆದು ಪ್ರಕಟಿಸಿದರು. ಮನೆ ಬದಲಿಸಿದವರು, ಮದುವೆಯಾಗಿ ಬೇರೆ ಊರಿಗೆ ಹೋದವರು, ತೀರಿಕೊಂಡವರು, ಚಿಕಿತ್ಸೆಯೇ ಬೇಡವೆಂದು ದೂರವಾದವರು ಎಲ್ಲರನ್ನೂ ಒಳಗೊಂಡ ಒಂದು ಪಟ್ಟಿಯನ್ನು ಎರಡು ದಶಕ ಕೈಬಿಡದೆ ಹಿಡಿದುಕೊಂಡಿರುವುದು ಎಂಥ ಕೆಲಸವೆಂದು ನಿಮ್ಮ ಕೇಂದ್ರದ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳಿಯಾರು. ಪೂರ್ತಿ ಗುಣವಾದವರೂ ಎಡೆಬಿಡದೆ ಕಾಯಿಲೆಯಲ್ಲೇ ಉಳಿದವರೂ ಕಡಿಮೆ, ಹೆಚ್ಚಿನವರು ಇವೆರಡರ ನಡುವಿನ ಏರಿಳಿತದಲ್ಲಿ ಬದುಕು ಕಟ್ಟಿಕೊಂಡಿದ್ದಾರೆ ಎಂಬ ಚಿತ್ರವನ್ನು ಆ ಪಟ್ಟಿ ನಮಗೆ ಕೊಟ್ಟಿತು. ನಿಮ್ಮ ಮನೆಯವರಿಗೆ ಇದನ್ನೇ ಹೇಳಿ: ಸಕ್ಕರೆ ಕಾಯಿಲೆಯ ಡಾಕ್ಟರನ್ನು “ಗುಣವಾಗುತ್ತದೆಯೇ” ಎಂದು ಯಾರೂ ಕೇಳುವುದಿಲ್ಲ.

ಇನ್ನು ವೃತ್ತಿಯ ದಿನಚರಿ. ಹೊರಗಿನವರು ಊಹಿಸುವ ಹಾಗೆ ಅದು ಕೂಗಾಟ, ಕಟ್ಟಿಹಾಕುವುದು, ಕರೆಂಟ್ ಕೊಡುವುದು ಇವುಗಳಲ್ಲಿ ಕಳೆಯುವುದಿಲ್ಲ. ಉದ್ರೇಕದಲ್ಲಿ ಬರುವ ರೋಗಿಗಳು ಇರುತ್ತಾರೆ, ಅವರನ್ನು ಸಂಭಾಳಿಸುವುದನ್ನು ಮೊದಲ ಆರು ತಿಂಗಳಲ್ಲೇ ಕಲಿಯುತ್ತೀರಿ. ಉಳಿದ ವರ್ಷಗಳೆಲ್ಲ ಮರುಭೇಟಿಗಳಲ್ಲಿ ಹೋಗುತ್ತವೆ. ಒಂದು ಮರುಭೇಟಿಯನ್ನು ಬಿಡಿಸಿ ಹೇಳುತ್ತೇನೆ.

ಮಾತ್ರೆ ನುಂಗಲು ಒಪ್ಪದ, ಅಥವಾ ನುಂಗಿದೆನೆಂದು ಹೇಳಿ ಬಚ್ಚಲಿಗೆ ಎಸೆಯುವ ರೋಗಿಗಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲೂಫೆನಜಿನ್ ಎಂಬ ಇಂಜೆಕ್ಷನ್ ಇದೆ. ಔಷಧವನ್ನು ಎಳ್ಳೆಣ್ಣೆಯಲ್ಲಿ ಕರಗಿಸಿರುತ್ತಾರೆ. ಸ್ನಾಯುವಿನಲ್ಲಿ ಕುಳಿತು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಇಳಿಯಲೆಂದು. ಎಣ್ಣೆಯಾದ್ದರಿಂದ ಸೂಜಿ ದಪ್ಪನೆಯದು ಬೇಕು, ಚರ್ಮವನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದು ನಿಧಾನವಾಗಿ ಒತ್ತಬೇಕು, ಅವಸರಪಟ್ಟರೆ ಎಣ್ಣೆ ಹಿಂದಕ್ಕೆ ಜಿನುಗುತ್ತದೆ, ಗಂಟು ಕಟ್ಟುತ್ತದೆ. ಆ ಒಂದು ನಿಮಿಷ ರೋಗಿ ಗೋಡೆಯ ಕಡೆ ಮುಖ ಮಾಡಿರುತ್ತಾನೆ, ನಿಮ್ಮ ಮುಖ ಅವನಿಗೆ ಕಾಣುವುದಿಲ್ಲ. ಮೇಜಿನ ಎದುರು ಕುಳಿತಾಗ “ಎಲ್ಲಾ ಚೆನ್ನಾಗಿದೆ ಸಾರ್” ಎಂದವನು ಆಗ, ಗೋಡೆಗೆ ಹೇಳುವವನಂತೆ, “ರಾತ್ರಿ ಮತ್ತೆ ಮಾತು ಕೇಳ್ತಿದೆ, ಅಮ್ಮನಿಗೆ ಹೇಳಬೇಡಿ” ಎಂದಿದ್ದನ್ನು ನಾನು ಒಂದಲ್ಲ, ಹಲವು ಸಲ ಕೇಳಿದ್ದೇನೆ. ಈ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನರ್ಸ್ ಕೊಡುತ್ತಾರೆ. ಸಾಧ್ಯವಾದಾಗಲೆಲ್ಲ ನೀವೇ ಕೊಡಿ.

ಆಮೇಲೆ ಅವನ ಮಣಿಕಟ್ಟನ್ನು ಹಿಡಿದು ಮೆಲ್ಲನೆ ತಿರುಗಿಸಿ ನೋಡುತ್ತೀರಿ, ಔಷಧದಿಂದ ಬಿಗಿ ಬಂದಿದೆಯೇ ಎಂದು. ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ ನೋಡುತ್ತೀರಿ, ಏಕೆಂದರೆ ಹೊಸ ಔಷಧಗಳಲ್ಲಿ ಕೈಕಾಲಿನ ಬಿಗಿ ಕಡಿಮೆಯಾದರೂ ಓಲಾಂಜಪಿನ್‌ನಂಥವು ಮೈತೂಕವನ್ನು ಏರಿಸುತ್ತವೆ. ಬೇರೆ ಔಷಧಗಳಿಗೆ ಬಗ್ಗದವರಿಗೆ ಕ್ಲೋಜಪಿನ್ ಕೊಡುವಾಗ ಬಿಳಿ ರಕ್ತಕಣಗಳು ಕುಸಿಯಬಹುದೆಂಬ ಭಯದಿಂದ ಮೊದಲ 18 ವಾರ ವಾರಕ್ಕೊಮ್ಮೆ, ನಂತರ ಅಂತರ ಹೆಚ್ಚಿಸುತ್ತಾ ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತೀರಿ. ಬಸ್ಸಿಗೆ ಕಾಸು ಹೊಂದಿಸಿಕೊಂಡು, ಒಂದು ದಿನದ ಕೂಲಿ ಬಿಟ್ಟು ಪ್ರತಿ ವಾರ ಬನ್ನಿ ಎಂದು ಒಂದು ಮನೆಯನ್ನು ಒಪ್ಪಿಸುವುದು ಔಷಧದ ಪ್ರಮಾಣ ನಿರ್ಧರಿಸುವುದಕ್ಕಿಂತ ಕಷ್ಟದ ವಿದ್ಯೆ. ಕೊನೆಗೆ ಕೇಳಬೇಕಾದ ಪ್ರಶ್ನೆಯೊಂದಿದೆ. “ಧ್ವನಿ ಕೇಳಿಸುತ್ತದೆಯೇ” ಎನ್ನುವುದು ನಮ್ಮ ಪ್ರಶ್ನೆ. “ಈ ಸಲ ಅಡಿಕೆ ಸುಲಿಯಲು ಕೂತಿದ್ದೆಯಾ” ಎನ್ನುವುದು ಅವನ ಮನೆಯವರ ಪ್ರಶ್ನೆ. ಎರಡನೆಯದಕ್ಕೆ ಹೌದೆಂಬ ಉತ್ತರ ಬಂದ ದಿನ, ಧ್ವನಿ ಸ್ವಲ್ಪ ಉಳಿದಿದ್ದರೂ, ನಾನು ಔಷಧ ಏರಿಸಲು ಹೋಗುತ್ತಿರಲಿಲ್ಲ.

ಮನೆಯವರ ಮಾತು ಬಂತಾದ್ದರಿಂದ ಒಂದು ಸಂಗತಿ. ರೋಗಿಯ ಜೊತೆ ಬಂಧುಗಳನ್ನೂ ವಾರ್ಡಿನಲ್ಲಿ ಉಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಬಡತನದಿಂದಲೇ ಹುಟ್ಟಿತೆನ್ನಬಹುದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ಬಂಧುಗಳನ್ನು ರೋಗಿಗಳೊಂದಿಗೇ ಇರಿಸಿದರು. ಮನೆಯವರು ಜೊತೆಗಿದ್ದ ರೋಗಿ ಬೇಗ ಊರಿಗೆ ಮರಳುತ್ತಾನೆ, ಮರಳಿದವನನ್ನು ಮನೆ ಹೊರದೂಡುವುದಿಲ್ಲ ಎಂಬುದು ಅಲ್ಲಿಂದ ಮನವರಿಕೆಯಾಯಿತು. ವೆಲ್ಲೂರಿನಲ್ಲಿ, ನಮ್ಮ ನಿಮ್ಹಾನ್ಸ್‌ನಲ್ಲಿ ಕುಟುಂಬ ವಾರ್ಡುಗಳು ನೆಲೆಯೂರಿದ್ದು ಆ ಹಾದಿಯಲ್ಲೇ.

ನೀವಿರುವ ಜಿಲ್ಲೆಯಲ್ಲೇ ಇದರ ಇನ್ನೊಂದು ಅಧ್ಯಾಯ ನಡೆದಿದೆ, ನಿಮಗೆ ತಿಳಿದಿರಬಹುದು. ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಮನೆಮನೆಯ ಮಟ್ಟದಲ್ಲಿ ಗುರುತಿಸಿ, ಅಲ್ಲಿಯೇ ಚಿಕಿತ್ಸೆ ದೊರಕಿಸಿ, ವರ್ಷಗಟ್ಟಲೆ ಅನುಸರಿಸಿದರು. ಚಿಕಿತ್ಸೆ ಪಡೆದವರ ಅಸಾಮರ್ಥ್ಯ ಇಳಿಯಿತು, ಪಡೆಯದವರದು ಇದ್ದಲ್ಲೇ ಉಳಿಯಿತು ಎಂದು ಆ ಕೆಲಸ ತೋರಿಸಿತು. ಕೇಳಲು ಇದು ಯಾರಿಗೂ ಗೊತ್ತಿರುವ ವಿಷಯದಂತೆ ಕಾಣಬಹುದು. ಆದರೆ ಹಳ್ಳಿಯ ಮನೆಯ ಹಿಂದಿನ ಕೋಣೆಯಲ್ಲಿ ಎಂಟು ಹತ್ತು ವರ್ಷ ಕುಳಿತವನಿಗೆ ಈಗ ಔಷಧ ಕೊಟ್ಟು ಏನು ಸುಖ ಎಂದು ವೈದ್ಯರೇ ಕೇಳುತ್ತಿದ್ದ ಕಾಲದಲ್ಲಿ, ತಡವಾಗಿ ಬಂದರೂ ಚಿಕಿತ್ಸೆಗೆ ಅರ್ಥವಿದೆ ಎನ್ನುವುದಕ್ಕೆ ಕೈಯಲ್ಲಿ ಅಂಕಿ ಅಂಶ ಬೇಕಾಗಿತ್ತು. 1975ರಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದದ್ದು, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಟ್ಟು ನೋಡಿದ್ದು, ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾದದ್ದು, ಇವೆಲ್ಲ ಒಂದೇ ಎಳೆಯವು.

ಒಂದು ಇಡೀ ವೃತ್ತಿಜೀವನ ಹೇಗಿರುತ್ತದೆಂದು ಕೇಳಿದಿರಿ. ನನ್ನದನ್ನು ಹೇಳುವುದಕ್ಕಿಂತ ಡಾ. ಎಂ. ಶಾರದಾ ಮೆನನ್ ಅವರದನ್ನು ನೋಡುವುದು ಮೇಲು. 1923ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ವೈದ್ಯಕೀಯ ಓದಿ, ಆಗಿನ್ನೂ ಎಳೆಯದಾಗಿದ್ದ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ ಇಂದಿನ ನಿಮ್ಹಾನ್ಸ್‌ನ ಪೂರ್ವರೂಪದಲ್ಲಿ, ಮನೋವೈದ್ಯಶಾಸ್ತ್ರದ ತರಬೇತಿ ಪಡೆದರು. 1954ರಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಆರಂಭವಾದ ಆ ಸಂಸ್ಥೆ ಇರದಿದ್ದರೆ ನಮ್ಮ ದೇಶದ ಮನೋವೈದ್ಯರಿಗೆ ಇಲ್ಲಿಯೇ ಕಲಿಯುವ ಅವಕಾಶ ಎಷ್ಟು ತಡವಾಗುತ್ತಿತ್ತೋ. ಶಾರದಾ ಮೆನನ್ ಅವರನ್ನು ಭಾರತದ ಮೊದಲ ಮಹಿಳಾ ಮನೋವೈದ್ಯೆ ಎಂದು ಗುರುತಿಸುತ್ತಾರೆ. 1961ರಲ್ಲಿ ಮದರಾಸಿನ ಕೀಲ್ಪಾಕ್ ಮಾನಸಿಕ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಆದರು. 18ನೆಯ ಶತಮಾನದ ಕೊನೆಯಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾಗಿ, ತುಂಬಿ ತುಳುಕುತ್ತಿದ್ದ ಸಂಸ್ಥೆಯದು. ಅಲ್ಲಿ 1978ರವರೆಗೆ ಹದಿನೇಳು ವರ್ಷ ಉಳಿದು ಹೊರರೋಗಿ ಸೇವೆಯನ್ನು ಬೆಳೆಸಿದರು, ಒಳಗಿದ್ದವರು ಕೈಕೆಲಸ ಕಲಿತು ನಾಲ್ಕು ಕಾಸು ದುಡಿಯುವ ವ್ಯವಸ್ಥೆ ಮಾಡಿದರು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದರ ಮುಂದಿನದು. ನಿವೃತ್ತಿಯ ನಂತರ, 61ನೆಯ ವಯಸ್ಸಿನಲ್ಲಿ, 1984ರಲ್ಲಿ ಅವರು ಸ್ಕಿಜೋಫ್ರೇನಿಯಾ ರಿಸರ್ಚ್ ಫೌಂಡೇಶನ್ ಸ್ಥಾಪಿಸಿದರು. ಎಲ್ಲರೂ ಅದನ್ನು ಸ್ಕಾರ್ಫ್ ಎಂದೇ ಕರೆಯುತ್ತಾರೆ. ದೊಡ್ಡ ಗೋಡೆಗಳ ಆಸ್ಪತ್ರೆಯಿಂದ ಹೊರಬಿದ್ದವರು ಎಲ್ಲಿಗೆ ಹೋಗುತ್ತಾರೆ, ಏನು ಕೆಲಸ ಮಾಡುತ್ತಾರೆ, ಅವರ ತಂದೆತಾಯಿ ಕಣ್ಣು ಮುಚ್ಚಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗಳು ಸೂಪರಿಂಟೆಂಡೆಂಟ್ ಕುರ್ಚಿಯಲ್ಲಿ ಕುಳಿತಾಗ ಬಗೆಹರಿಯಲಿಲ್ಲವೆಂದೇ ಇರಬೇಕು ಅವರು ಹೊಸದಾಗಿ ಆರಂಭಿಸಿದ್ದು. ಮೇಲೆ ಹೇಳಿದ ಡಾ. ತಾರಾ ಆ ಸಂಸ್ಥೆಯಲ್ಲೇ ಬೆಳೆದು ಅದನ್ನು ಮುನ್ನಡೆಸಿದವರು. 1992ರಲ್ಲಿ ಶಾರದಾ ಮೆನನ್ ಅವರಿಗೆ ಪದ್ಮಭೂಷಣ ಬಂತು. 2021ರ ಡಿಸೆಂಬರಿನಲ್ಲಿ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ರೋಗಿಗಳನ್ನು ನೋಡುತ್ತಿದ್ದರು.

ಪಾಠ ಮಾಡುವ ಆಸೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ನಾನು ಮೊದಲು ಸೇರಿದ ಕಾಲೇಜಿನಲ್ಲಿ ನಮ್ಮ ವಾರ್ಡನ್ನು ಶವಾಗಾರದ ಪಕ್ಕದ ಹಳೆಯ ಉಗ್ರಾಣದಲ್ಲಿ ಇಟ್ಟಿದ್ದರು; ವಿದ್ಯಾರ್ಥಿಗಳು ದಾರಿ ತಪ್ಪಿಯಾದರೂ ಅತ್ತ ಬರುತ್ತಿರಲಿಲ್ಲ. ಎಂಬಿಬಿಎಸ್‌ನಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪರೀಕ್ಷೆಯಿಲ್ಲ, ಜನರಲ್ ಮೆಡಿಸಿನ್ನಿನೊಳಗೆ ಅದೊಂದು ಮೂಲೆ. ಪರೀಕ್ಷೆಗೆ ಬಾರದ್ದನ್ನು ಯಾರು ಓದುತ್ತಾರೆ? ಹೀಗಾಗಿ ಬೋಧಕರಾಗಿ ನಿಮ್ಮ ಮೊದಲ ಕೆಲಸ ವಿದ್ಯಾರ್ಥಿಯನ್ನು ರೋಗಿಯ ಪಕ್ಕದಲ್ಲಿ ಇಪ್ಪತ್ತು ನಿಮಿಷ ಕೂರಿಸುವುದು, ಅಷ್ಟೇ.

ಕೂತ ವಿದ್ಯಾರ್ಥಿ ಬಾಯಿ ತೆರೆದರೆ “ಹಲ್ಯೂಸಿನೇಷನ್ ಇದೆಯಾ?” ಎನ್ನುತ್ತಾನೆ. ಅದನ್ನು ಕನ್ನಡದಲ್ಲಿ ಕೇಳಿಸುವುದೇ ಅರ್ಧ ಪಾಠ. “ಸುತ್ತ ಯಾರೂ ಇಲ್ಲದಾಗ ಯಾರೋ ಮಾತಾಡಿದ ಹಾಗೆ ಕಿವಿಗೆ ಬೀಳುತ್ತದೆಯಾ? ಒಬ್ಬರ ಧ್ವನಿಯೋ, ಇಬ್ಬರದೋ? ನಿಮ್ಮ ಜೊತೆ ಮಾತಾಡುತ್ತಾರೋ, ನಿಮ್ಮ ವಿಷಯ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೋ?” ಕೊನೆಯ ಪ್ರಶ್ನೆಗೆ ರೋಗಿ ತಲೆಯೆತ್ತಿ ನೋಡುತ್ತಾನೆ, ತನ್ನ ಒಳಗಿನದು ಇವರಿಗೆ ಹೇಗೆ ತಿಳಿಯಿತೆಂದು. ಇನ್ನರ್ಧ ಪಾಠ ನಂಬಿಕೆಗೂ ಭ್ರಮೆಗೂ ಇರುವ ಗೆರೆಯನ್ನು ತೋರಿಸುವುದು. ಮಲೆನಾಡಿನಲ್ಲಿ “ದಾಯಾದಿಗಳು ಮಾಟ ಮಾಡಿಸಿದ್ದಾರೆ” ಎಂದವರನ್ನೆಲ್ಲ ಭ್ರಮೆಯ ರೋಗಿಗಳೆಂದು ಬರೆದುಕೊಂಡರೆ ಅರ್ಧ ತಾಲ್ಲೂಕನ್ನು ದಾಖಲು ಮಾಡಿಕೊಳ್ಳಬೇಕಾದೀತು. ಕರಾವಳಿಯ ಕೋಲದಲ್ಲಿ ದೈವ ಮೈದುಂಬುವುದು ಕಾಯಿಲೆಯಲ್ಲ. ಆ ನಂಬಿಕೆಯನ್ನು ಮನೆಯವರೂ ಹಂಚಿಕೊಂಡಿದ್ದಾರೆಯೇ, ಅದು ಅವನಲ್ಲಿ ಯಾವಾಗ, ಯಾವುದರಿಂದ ಹುಟ್ಟಿತು, ಅದರ ಹಿಂದೆಯೇ ಅವನ ನಿದ್ದೆ, ಸ್ನಾನ, ದುಡಿಮೆ ಕೆಟ್ಟವೇ ಎಂದು ಕೇಳಬೇಕು. “ಮಾಟ ಮಾಡಿಸಿದ್ದಾರೆ” ಎಂದು ಅಮ್ಮನೂ ಹೇಳುತ್ತಾಳೆ. “ಮಾಟವನ್ನು ಟ್ಯೂಬ್‌ಲೈಟಿನ ಒಳಗಿಂದ ಬಿಡುತ್ತಿದ್ದಾರೆ” ಎಂದು ಮಗ ಹೇಳಿದಾಗ ಅಮ್ಮ ನಿಮ್ಮ ಮುಖ ನೋಡುತ್ತಾಳೆ. ಆ ನೋಟವನ್ನು ವಿದ್ಯಾರ್ಥಿ ಗಮನಿಸಿದರೆ ನಿಮ್ಮ ತರಗತಿ ಮುಗಿದಂತೆ.

ಸ್ನಾತಕೋತ್ತರ ವಿದ್ಯಾರ್ಥಿಗಳಿಗಿಂತ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ನರ್ಸ್‌ಗಳಿಗೆ ಕಲಿಸಿದ್ದು ಹೆಚ್ಚು ದಿನ ಬಾಳುತ್ತದೆ ಎನ್ನುವುದು ನನ್ನ ಅನುಭವ, ಸಹೋದ್ಯೋಗಿಗಳು ಇದನ್ನು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಇಲ್ಲ, 2019ರ ಲೆಕ್ಕದಂತೆ ಸುಮಾರು 0.75. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಜೀವಿತದಲ್ಲಿ ಎಂದಾದರೂ ಚಿತ್ತವಿಕಲತೆಗೆ ಒಳಗಾಗುವವರು ನೂರಕ್ಕೆ 1.4ರಷ್ಟಿದ್ದಾರೆ. ಈ ಎರಡು ಅಂಕಿಗಳನ್ನು ಎದುರುಬದುರು ಇಟ್ಟು ನೋಡಿದರೆ ಪರಿಣತರನ್ನೇ ತಯಾರಿಸುತ್ತಾ ಕೂತು ಅಂತರವನ್ನು ತುಂಬಲಾಗದೆಂದು ತಿಳಿಯುತ್ತದೆ.

ವೃತ್ತಿಸಂಘಗಳ ವಿಷಯ. ಭಾರತೀಯ ಮನೋವೈದ್ಯರ ಸಂಘ ಸ್ಥಾಪನೆಯಾದದ್ದು 1947ರಲ್ಲಿ. ಅದಕ್ಕೆ ಕರ್ನಾಟಕ ಶಾಖೆಯೂ ವರ್ಷಕ್ಕೊಂದು ರಾಜ್ಯ ಸಮ್ಮೇಳನವೂ ಇದೆ. ಪದಾಧಿಕಾರಿಯ ಕೆಲಸದಲ್ಲಿ ಹೆಚ್ಚಿನ ಪಾಲು ಬೇಸರದ್ದೇ: ಸಭಾಂಗಣ ಗೊತ್ತುಮಾಡುವುದು, ಲೆಕ್ಕಪತ್ರ, ನಡಾವಳಿ, ಹಾರ ತುರಾಯಿ, ಚುನಾವಣೆಯ ಹೊತ್ತಿಗೆ ತಲೆಯೆತ್ತುವ ಗುಂಪುಗಾರಿಕೆ. ಆದರೂ ಕಾಲಹರಣವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಅದಕ್ಕೆ ಒಂದು ಉದಾಹರಣೆ ಸಾಕು.

1995ರ ಅಂಗವಿಕಲರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯವೆಂದು ಸೇರಿಸಿದ್ದರು. ಆದರೆ ಕಾಲಿಲ್ಲದವನ ವೈಕಲ್ಯವನ್ನು ಅಳೆಯುವಂತೆ, ನಾಲ್ಕು ವರ್ಷದಿಂದ ಮಾತು ಬಿಟ್ಟು ಮೂಲೆ ಹಿಡಿದವನ ವೈಕಲ್ಯವನ್ನು ಶೇಕಡಾವಾರು ಅಳೆಯುವುದು ಹೇಗೆ? ಅಳತೆಯಿಲ್ಲದೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ಮಾಸಾಶನವಿಲ್ಲ. ಸಂಘದ ಪುನರ್ವಸತಿ ಸಮಿತಿಯ ಕೆಲವರು ಕುಳಿತು ಒಂದು ಅಳತೆಗೋಲನ್ನು ಸಿದ್ಧಪಡಿಸಿದರು, ಅದಕ್ಕೆ ಐಡಿಯಾಸ್ ಎಂದು ಹೆಸರು. ತನ್ನ ಮೈಯ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ವಿಭಾಗಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಜೊತೆಗೆ ಕಾಯಿಲೆ ಎಷ್ಟು ವರ್ಷದ್ದೆಂಬುದಕ್ಕೆ ಅಂಕ. ಸರ್ಕಾರ ಅದನ್ನು 2002ರಲ್ಲಿ ಅಧಿಕೃತವಾಗಿ ಒಪ್ಪಿತು. ಇಂದು ಜಿಲ್ಲಾಸ್ಪತ್ರೆಯಲ್ಲಿ ನಿಮ್ಮ ರೋಗಿಗೆ ಶೇ. 40ಕ್ಕಿಂತ ಹೆಚ್ಚು ವೈಕಲ್ಯವೆಂದು ಬರೆದುಕೊಟ್ಟರೆ ಅವನ ಮುದಿ ತಾಯಿಯ ಕೈಗೆ ತಿಂಗಳಿಗೆ ಒಂದಿಷ್ಟು ಹಣ ಬರುತ್ತದೆಯಲ್ಲ, ಅದು ಹೀಗೆ ಸಮಿತಿಯಲ್ಲಿ ಕುಳಿತು ನಾಲ್ಕು ವಿಭಾಗವೋ ಐದೋ ಎಂದು ವಾದ ಮಾಡಿದವರ ಶ್ರಮ. ಆ ಅರ್ಜಿಯನ್ನು ತುಂಬುವಾಗೆಲ್ಲ ನನಗೆ ಎಷ್ಟೋ ನೀರಸ ಸಭೆಗಳ ಮೇಲಿದ್ದ ಸಿಟ್ಟು ಇಳಿಯುತ್ತಿತ್ತು.

ಕಾನೂನಿನ ಮಾತೂ ಇದಕ್ಕೆ ಸೇರಿದ್ದೇ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಖಾಸಗಿ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ, ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ ನಿಷೇಧಿಸಿದೆ, ದಾಖಲಾತಿಗೆ ರೋಗಿಯ ಒಪ್ಪಿಗೆಯನ್ನು ಕೇಂದ್ರಕ್ಕೆ ತಂದಿದೆ. ಇದು ನಮ್ಮ ಕೈಕಟ್ಟುತ್ತದೆಂದು ಸಂಘದೊಳಗೆ ಗೊಣಗಿದವರು ಬಹಳ. ತಾನು ಕಾಯಿಲೆಯವನೆಂದೇ ಒಪ್ಪದ ರೋಗಿಯ ಮನೆಯವರ ಪಾಡನ್ನು ಕಂಡವನಾದ್ದರಿಂದ ನಾನೂ ಕೆಲವು ಕಲಂಗಳ ಬಗ್ಗೆ ಗೊಣಗಿದ್ದೇನೆ. ಆದರೆ ವೈದ್ಯನ ಸಹಿಯೊಂದರಿಂದಲೇ ಮನುಷ್ಯನನ್ನು ಒಳಗೆ ಹಾಕಬಹುದಾಗಿದ್ದ ದಿನಗಳಿಗೆ ಮರಳಬೇಕೆಂದು ಎಂದೂ ಅನಿಸಿಲ್ಲ.

ನಿಮ್ಮ ಮನೆಯವರು ಕೇಳದಿದ್ದ, ಆದರೆ ನಾನು ಹೇಳಲೇಬೇಕಾದ ಮಾತೊಂದಿದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ನೂರಕ್ಕೆ ಸುಮಾರು ಐವರು ಆತ್ಮಹತ್ಯೆಯಿಂದ ಸಾಯುತ್ತಾರೆ, ಅದರಲ್ಲೂ ಕಾಯಿಲೆಯ ಮೊದಲ ವರ್ಷಗಳಲ್ಲಿ, ಎಷ್ಟೋ ಸಲ ಸುಧಾರಿಸುತ್ತಿದ್ದಾರೆಂದು ನಾವು ನೆಮ್ಮದಿಯಿಂದಿರುವಾಗಲೇ. ನನ್ನ ಮೊದಲ ಅಂಥ ರೋಗಿ ಇಂಜಿನಿಯರಿಂಗ್ ಓದುತ್ತಿದ್ದವನು. ಧ್ವನಿಗಳು ನಿಂತು, ತನಗೆ ಆದದ್ದೇನೆಂದು ಅವನಿಗೆ ಪೂರ್ತಿ ಅರ್ಥವಾದ ತಿಂಗಳಲ್ಲೇ ಹೋದ. ಹಿರಿಯರೊಬ್ಬರು ನನ್ನನ್ನು ಅವನ ಮನೆಗೆ ಕರೆದುಕೊಂಡು ಹೋದರು. ನಾನೊಬ್ಬನೇ ಆಗಿದ್ದರೆ ಹೋಗುವ ಧೈರ್ಯವಿರಲಿಲ್ಲ. ಅವನ ತಂದೆ ಕಾಫಿ ಕೊಟ್ಟು, ಮಗನ ಉಳಿದ ಮಾತ್ರೆಗಳ ಪಟ್ಟಿಗಳನ್ನು ತಂದಿಟ್ಟು, “ಬೇರೆ ಯಾರಿಗಾದರೂ ಆಗುತ್ತದೆ, ತೆಗೆದುಕೊಂಡು ಹೋಗಿ” ಎಂದರು. ಅಂಥ ದಿನ ನಿಮಗೂ ಬರುತ್ತದೆ. ಅದಕ್ಕಾಗಿ ನೀವು ಸೇರುವ ವಿಭಾಗದಲ್ಲಿ ಜೊತೆಗೆ ಬರುವ ಒಬ್ಬ ಹಿರಿಯರಿರಬೇಕು.

ಹಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ: ನಿದ್ದೆ, ಆತಂಕ, ಕುಡಿತಗಳ ಚಿಕಿತ್ಸೆಯಲ್ಲಿ ಖಾಸಗಿಯಾಗಿ ಚೆನ್ನಾಗಿ ದುಡಿಯಬಹುದು, ಬಹುಪಾಲು ಬಡವರೇ ಆಗಿರುವ ದೀರ್ಘಕಾಲದ ಚಿತ್ತವಿಕಲತೆಯ ರೋಗಿಗಳನ್ನೇ ನೆಚ್ಚಿಕೊಂಡರೆ ಸಂಬಳದ ಕೆಲಸವೇ ಗತಿ. ಜಿಲ್ಲಾಸ್ಪತ್ರೆಗೆ ಹೊಂದಿಕೊಂಡ ಸರ್ಕಾರಿ ವೈದ್ಯಕೀಯ ಕಾಲೇಜು ನಿಮ್ಮ ಎರಡೂ ಆಸೆಗಳಿಗೆ ಹೊಂದುತ್ತದೆ.

ಸೀಟು ಆರಿಸುವ ಮುನ್ನ ಎರಡು ಕೆಲಸ ಮಾಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ಬರುತ್ತಾರೆ; ರಜೆ ಹಾಕಿ ಎರಡು ಮೂರು ಮಂಗಳವಾರ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಆಮೇಲೆ ಸೇರಬೇಕೆಂದಿರುವ ಕಾಲೇಜಿಗೆ ಹೋಗಿ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಕಳೆಯಿರಿ. ಹಳೆಯ ರೋಗಿಗಳು ಬಂದಾಗ ಅವರ ಕಡತವನ್ನು ಹುಡುಕಿ ತೆಗೆಯುತ್ತಾರೋ, ಇಲ್ಲ ಹೊಸ ಚೀಟಿ ಬರೆಯುತ್ತಾರೋ ನೋಡಿ. ಪ್ರಾಧ್ಯಾಪಕರು ಹಳಬರನ್ನು ತಾವೇ ನೋಡುತ್ತಾರೋ, ಹೊಸ ಕಿರಿಯರಿಗೆ ಬಿಡುತ್ತಾರೋ ನೋಡಿ. ಇಂಜೆಕ್ಷನ್ನಿಗೆ ನಿಗದಿತ ದಿನ ಬಾರದವರ ಪಟ್ಟಿಯನ್ನು ಯಾರು ಇಟ್ಟುಕೊಂಡಿದ್ದಾರೆ, ಅವರ ಮನೆಗೆ ಫೋನ್ ಮಾಡುವವರು ಯಾರು ಎಂದು ನರ್ಸನ್ನು ಕೇಳಿ. ಅವರು ತಟ್ಟನೆ ಒಂದು ಪುಸ್ತಕ ತೆಗೆದು ತೋರಿಸಿದರೆ ಆ ಸೀಟು ತೆಗೆದುಕೊಳ್ಳಿ.